ಕಾರಿಗೆ 32, ಬಡವನ ಮನೆಗೆ 30

ದಿಲ್ಲಿಯ ಯಾವ ಕಾಲೋನಿಗಾದರೂ ಹೋಗಿ ನೋಡಿ, ಹೊಸದಾಗಿ ಕಟ್ಟಿದ ಮನೆಗಳದ್ದೆಲ್ಲ ಒಂದೇ ಅಚ್ಚು. ಕೆಳಗೆ ಕಂಬಗಳು, ಕಂಬಗಳ ನಡುವೆ ಕಾರುಗಳು, ಅದರ ಮೇಲೆ ನಾಲ್ಕು ಅಂತಸ್ತು, ನಾಲ್ಕು ಸಂಸಾರ. ಕೆಳಗಿನ ಆ ಕಂಬದ ಅಂತಸ್ತಿಗೆ ಇಲ್ಲಿ ಎಲ್ಲರೂ 'ಸ್ಟಿಲ್ಟ್' ಅಂತಾರೆ. ಗುರುಗ್ರಾಮದಲ್ಲಂತೂ 'ಸ್ಟಿಲ್ಟ್ ಪ್ಲಸ್ ಫೋರ್' ಅನ್ನುವುದು ತರಕಾರಿ ಮಾರುವವನ ಬಾಯಲ್ಲೂ ಇದೆ. ಬ್ರೋಕರುಗಳು ಇದನ್ನು ಹೊಸ ಕಾಲದ ವಾಸ್ತುಶಿಲ್ಪ ಅಂತ ಹೊಗಳುತ್ತಾರೆ. ಮನೆಯೂ ಆಯಿತು, ಪಾರ್ಕಿಂಗೂ ಆಯಿತು, ಸ್ವಾಮಿಕಾರ್ಯದ ಜೊತೆಗೆ ಸ್ವಕಾರ್ಯ. ಇದರಲ್ಲಿ ಸ್ವಾಮಿ ಯಾರು ಅನ್ನುವುದೇ ನನ್ನ ತಕರಾರು.

ನಾನು ಬ್ಯಾಂಕಿನವನು. ಓದಿದ್ದು ಬಿಕಾಂ, ಧಾರವಾಡದಲ್ಲಿ. ಕಟ್ಟಡದ ಅಂದಚೆಂದ ಹೇಳುವ ಅಧಿಕಾರ ನನಗಿಲ್ಲ. ಆದರೆ ಈ ಊರಿಗೆ ವರ್ಗವಾಗಿ ಬಂದು ಮೂವತ್ತು ವರ್ಷ ಆಗುತ್ತಾ ಬಂತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಗೃಹಸಾಲದ ಫೈಲುಗಳ ನಡುವೆಯೇ ಕಳೆದಿದ್ದೇನೆ. ಮಂಜೂರಾದ ನಕ್ಷೆ, ಸೇಲ್ ಡೀಡ್, ವ್ಯಾಲ್ಯುವೇಶನ್ ರಿಪೋರ್ಟ್ ಇವನ್ನು ಓದೋದಕ್ಕೆ ನನಗೆ ಬರುತ್ತದೆ. ಲೆಕ್ಕವೂ ಅಷ್ಟಿಷ್ಟು ಬರುತ್ತದೆ. ಹಾಗಾಗಿ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ದಿಲ್ಲಿಯ ಮಾಸ್ಟರ್ ಪ್ಲಾನ್ 2021 ಅಂತ ಒಂದಿದೆ, 2007ರ ಫೆಬ್ರವರಿಯಲ್ಲಿ ಅಧಿಸೂಚನೆ ಆದದ್ದು. ಅದರಲ್ಲಿ ಒಂದು ಕಾರಿಗೆ ಎಷ್ಟು ಜಾಗ ಬೇಕು ಅಂತ ಬರೆದಿಟ್ಟಿದ್ದಾರೆ. ಬಯಲಿನಲ್ಲಿ ನಿಲ್ಲಿಸಿದರೆ 23 ಚದರ ಮೀಟರ್. ನೆಲಮಟ್ಟದಲ್ಲಿ ಸೂರಿನ ಕೆಳಗೆ ನಿಲ್ಲಿಸಿದರೆ 28. ಬೇಸ್‌ಮೆಂಟಿನಲ್ಲಾದರೆ 32. ಕಾರಿನ ಮೈಯಳತೆ ಮಾತ್ರ ಅಲ್ಲ, ಅದು ಒಳಗೆ ಬರಲು, ತಿರುಗಲು, ಹೊರಗೆ ಹೋಗಲು ಬೇಕಾದ ದಾರಿಯೂ ಇದರಲ್ಲಿ ಸೇರಿದೆ, ನ್ಯಾಯವಾಗಿ ಅದನ್ನೂ ಹೇಳಬೇಕು. ಇನ್ನು 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ತೆಗೆದುಕೊಳ್ಳಿ. ಆರ್ಥಿಕವಾಗಿ ದುರ್ಬಲರಾದವರ ಮನೆಗೆ ಅಲ್ಲಿ ಹಾಕಿದ ಮಿತಿ 30 ಚದರ ಮೀಟರ್ ಕಾರ್ಪೆಟ್ ಏರಿಯಾ. ಗಂಡ, ಹೆಂಡತಿ, ಮಕ್ಕಳು, ಅಡುಗೆ, ಬಚ್ಚಲು ಎಲ್ಲಾ ಸೇರಿ 30. ಒಂದು ಕಾರು ಬೇಸ್‌ಮೆಂಟಿನಲ್ಲಿ ನಿದ್ದೆ ಮಾಡಲು 32! ಈ ಎರಡು ಅಂಕಿ ಪಕ್ಕಪಕ್ಕದಲ್ಲಿಟ್ಟು ನೋಡಿದ ದಿನದಿಂದ ನನಗೆ ಸ್ಟಿಲ್ಟ್ ಮನೆಯ ಹೊಗಳಿಕೆ ಕೇಳಿದರೆ ಮೈ ಉರಿಯುತ್ತದೆ.

ಇನ್ನೊಂದು ಮಾತು ಅದೇ ಪ್ಲಾನಿನಲ್ಲಿದೆ. ಪ್ಲಾಟಿನ ಅಳತೆಗೆ ತಕ್ಕಂತೆ ಒಟ್ಟು ಇಷ್ಟೇ ಕಟ್ಟಬೇಕು ಅನ್ನುವ ಮಿತಿಗೆ ಎಫ್ಎಆರ್ ಅಂತಾರಲ್ಲ, ಸ್ಟಿಲ್ಟ್ ಅಂತಸ್ತು ಆ ಲೆಕ್ಕಕ್ಕೆ ಬರೋದಿಲ್ಲ. ಷರತ್ತು ಏನೆಂದರೆ ಅದರ ಎತ್ತರ 2.4 ಮೀಟರಿಗಿಂತ ಕಡಿಮೆ ಇರಬೇಕು, ಅಂದರೆ ಮನುಷ್ಯರು ವಾಸ ಮಾಡಲು ಯೋಗ್ಯವಲ್ಲದಷ್ಟು. ಅರ್ಥ ಆಯಿತಲ್ಲ? ಅಜ್ಜಿಗೆ ಅಂತ ಕೆಳಗೊಂದು ಕೋಣೆ ಕಟ್ಟಿದರೆ ಅದು ಲೆಕ್ಕಕ್ಕೆ ಬರುತ್ತದೆ, ಮೇಲಿನ ಯಾವುದೋ ಕೋಣೆ ಅಷ್ಟು ಕಡಿಮೆಯಾಗುತ್ತದೆ. ಅದೇ ಜಾಗದಲ್ಲಿ ಕಾರು ನಿಲ್ಲಿಸಿದರೆ ಪುಕ್ಕಟೆ. ಇಷ್ಟು ದೊಡ್ಡ ರಿಯಾಯಿತಿ ಕೊಟ್ಟಮೇಲೆ ಬಿಲ್ಡರ್ ಅಜ್ಜಿಯ ಕೋಣೆ ಯಾಕೆ ಕಟ್ಟುತ್ತಾನೆ ಹೇಳಿ. ದಿಲ್ಲಿಯ ಮನೆಗಳ ನೆಲಮಹಡಿ ಮಾಯವಾದದ್ದು ಜನರಿಗೆ ಬೇಡವಾಗಿ ಅಲ್ಲ. ನಿಯಮವೇ ಅದನ್ನು ಕಾರಿಗೆ ಇನಾಂ ಕೊಟ್ಟಿದೆ.

ಇಲ್ಲಿ ಇದು ನಡೆಯುವ ರೀತಿ ಊರಿನಲ್ಲಿರುವವರಿಗೆ ಗೊತ್ತಿರಲಿಕ್ಕಿಲ್ಲ. ಐವತ್ತು ಅರವತ್ತರ ದಶಕದಲ್ಲಿ ಪ್ಲಾಟ್ ಕೊಂಡು ಒಂದೋ ಎರಡೋ ಅಂತಸ್ತಿನ ಮನೆ ಕಟ್ಟಿಕೊಂಡವರ ಮಕ್ಕಳು ಈಗ ಬಿಲ್ಡರ್ ಜೊತೆ 'ಕೊಲ್ಯಾಬರೇಶನ್' ಮಾಡಿಕೊಳ್ಳುತ್ತಾರೆ. ಜಾಗ ಇವರದು, ಕಟ್ಟುವ ಖರ್ಚು ಅವನದು. ಹಳೇ ಮನೆ ಕೆಡವಿ ಸ್ಟಿಲ್ಟ್ ಮೇಲೆ ನಾಲ್ಕು ಫ್ಲೋರ್. ಒಂದೋ ಎರಡೋ ಫ್ಲೋರ್ ಅವನಿಗೆ, ಉಳಿದದ್ದು ಮನೆಯವರಿಗೆ. ಒಂದು ಸಂಸಾರ ಇದ್ದ ಕಡೆ ನಾಲ್ಕಾಯಿತು. ಅದಕ್ಕೆ ನನ್ನ ಆಕ್ಷೇಪ ಇಲ್ಲ, ಊರು ಬೆಳೆಯಬೇಕು, ಜನಕ್ಕೆ ಮನೆ ಬೇಕು. ಆದರೆ ಹಳೇ ಮನೆಯ ಮುಂದೆ ಒಂದು ವರಾಂಡ ಇತ್ತು, ಚಳಿಗಾಲದಲ್ಲಿ ಬಿಸಿಲಿಗೆ ಚಾರ್ಪಾಯಿ ಹಾಕಿಕೊಂಡು ಬಟಾಣಿ ಸುಲಿಯುವ ಹೆಂಗಸರಿದ್ದರು, ಬೀದಿಯಲ್ಲಿ ಯಾರು ಬಂದರು ಯಾರು ಹೋದರು ಅಂತ ನೋಡುವ ಕಣ್ಣುಗಳಿದ್ದವು. ಈಗ ಬೀದಿಯ ಎರಡೂ ಕಡೆ ಕಬ್ಬಿಣದ ಗೇಟು, ಗೇಟಿನ ಹಿಂದೆ ಕತ್ತಲೆ, ಕತ್ತಲೆಯಲ್ಲಿ ಬಾನೆಟ್ಟುಗಳು. ಆ ಎಂಟಡಿ ಎತ್ತರದ ಜಾಗದಲ್ಲಿ ಮನುಷ್ಯ ಅಂತ ಇರುವವನು ಒಬ್ಬನೇ, ಬಿಹಾರದಿಂದಲೋ ನೇಪಾಳದಿಂದಲೋ ಬಂದ ಗಾರ್ಡು. ವಾಸಕ್ಕೆ ಯೋಗ್ಯವಲ್ಲದ ಎತ್ತರದಲ್ಲಿ ಅವನು ವಾಸವೂ ಮಾಡುತ್ತಾನೆ.

ಮನೆಯನ್ನೂ ವಾಹನವನ್ನೂ ಒಂದೇ ಸೂರಿನ ಕೆಳಗೆ ಇಟ್ಟದ್ದೇ ಹೊಸತನ ಅನ್ನುವವರಿಗೆ ನಮ್ಮ ಕಡೆಯ ಹಳೇ ಮನೆ ತೋರಿಸಬೇಕು. ಧಾರವಾಡ, ಗದಗ, ವಿಜಾಪುರದ ಕಡೆ ತಲಬಾಗಿಲು ದಾಟಿದರೆ ಮೊದಲು ಸಿಗುವುದೇ ದನ ಕಟ್ಟುವ ಅಂಕಣ. ಗ್ವಾದಲಿ, ಎತ್ತು, ಎಮ್ಮೆ ಎಲ್ಲಾ ಅಲ್ಲೇ. ಅದಕ್ಕಿಂತ ಎರಡು ಮೂರು ಅಡಿ ಎತ್ತರದಲ್ಲಿ ಪಡಸಾಲೆ, ಅಲ್ಲಿ ಮನುಷ್ಯರು. ಎತ್ತು ಮೆಲುಕು ಹಾಕುವುದನ್ನು ನೋಡುತ್ತಲೇ ಅಜ್ಜ ಊಟ ಮಾಡುತ್ತಿದ್ದ. ಬೇಸ್‌ಮೆಂಟೂ ಇತ್ತು ಅನ್ನಿ, ಹಗೇವು ಅಂತ, ಅದರಲ್ಲಿ ಜೋಳ ಇಡುತ್ತಿದ್ದರು. ಈಗ ನೊಯ್ಡಾದವರು ಹಗೇವಿನಲ್ಲಿ ಕಾರು ತುಂಬುತ್ತಾರೆ. ವ್ಯತ್ಯಾಸ ಇಷ್ಟೇ: ಎತ್ತು ಹಗಲೆಲ್ಲ ಹೊಲದಲ್ಲಿ ದುಡಿದು ಬರುತ್ತಿತ್ತು, ರಾತ್ರಿ ಮಲಗಿದಲ್ಲೇ ಗೊಬ್ಬರ ಕೊಡುತ್ತಿತ್ತು. ಕಾರು? ಕ್ಯಾಲಿಫೋರ್ನಿಯಾದ ಪ್ರೊಫೆಸರ್ ಡೊನಾಲ್ಡ್ ಶೂಪ್ ಅಂತ ಒಬ್ಬರಿದ್ದರು, 2025ರಲ್ಲಿ ತೀರಿಕೊಂಡರು. ಪಾರ್ಕಿಂಗ್ ಬಗ್ಗೆಯೇ ಜೀವಮಾನ ಕಳೆದ ಮನುಷ್ಯ, 2005ರಲ್ಲಿ ಅದರ ಮೇಲೊಂದು ಭಾರೀ ಗಾತ್ರದ ಪುಸ್ತಕವನ್ನೇ ಬರೆದರು. ಕಾರು ತನ್ನ ಆಯುಷ್ಯದ ನೂರಕ್ಕೆ 95 ಪಾಲು ನಿಂತೇ ಇರುತ್ತದೆ ಅನ್ನುವುದು ಅವರ ಲೆಕ್ಕ. ದುಡಿಯದ ಎತ್ತಿಗೆ ಪಡಸಾಲೆ ಬಿಟ್ಟುಕೊಟ್ಟ ಒಕ್ಕಲಿಗನನ್ನು ನಾನಂತೂ ಕಂಡಿಲ್ಲ.

ವಿದೇಶದಲ್ಲಿ ಇದು ಚೆನ್ನಾಗಿ ನಡೆದಿಲ್ಲವೇ ಅಂತ ಕೇಳುವವರಿದ್ದಾರೆ. ಕಂಬದ ಮೇಲೆ ಮನೆ ನಿಲ್ಲಿಸುವ ಫ್ಯಾಶನ್ನಿಗೆ ದೊಡ್ಡ ಹೆಸರು ತಂದವನು ಲೆ ಕಾರ್ಬೂಸಿಯೆ, ನಮ್ಮ ಚಂಡೀಗಡದವನೇ. ಪ್ಯಾರಿಸ್ ಹತ್ತಿರ ಪ್ವಾಸಿ ಅನ್ನುವಲ್ಲಿ 1931ರ ಹೊತ್ತಿಗೆ ಮುಗಿದ ಅವನ ವಿಲ್ಲಾ ಸವಾಯ್‌ನಲ್ಲಿ ಕೆಳಗಿನ ಗೋಡೆಯ ಬಾಗು ಕಾರು ತಿರುಗುವ ಅಳತೆಗೆ ಹೊಂದಿಸಿದ್ದು. ಆದರೆ ಅದು ಹುಲ್ಲುಗಾವಲಿನ ನಡುವೆ ಶ್ರೀಮಂತರೊಬ್ಬರ ವಾರಾಂತ್ಯದ ಮನೆ ಸ್ವಾಮೀ, ಲಾಜಪತ್ ನಗರದ ಗಲ್ಲಿಯಲ್ಲ. ಶಿಕಾಗೋದ ಮರೀನಾ ಸಿಟಿ ಇನ್ನೂ ಹತ್ತಿರದ ಉದಾಹರಣೆ. 1960ರ ದಶಕದಲ್ಲಿ ಬರ್ಟ್ರಂಡ್ ಗೋಲ್ಡ್‌ಬರ್ಗ್ ಕಟ್ಟಿದ ಜೋಡಿ ಗೋಪುರ, ಮೆಕ್ಕೆಜೋಳದ ತೆನೆಯ ಹಾಗೆ ಕಾಣುತ್ತದೆ. ಕೆಳಗಿನ 19 ಅಂತಸ್ತು ಸುತ್ತುಸುತ್ತಾಗಿ ಏರುವ ಪಾರ್ಕಿಂಗ್, ಅದರ ಮೇಲೆ ಮನೆಗಳು. ಹಣ ಹಾಕಿದ್ದು ಕಟ್ಟಡಗಳಲ್ಲಿ ಕಸ ಗುಡಿಸುವ, ಕಾವಲು ಕಾಯುವ ನೌಕರರ ಯೂನಿಯನ್ನು ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಅಲ್ಲಿ ಗಮನಿಸಬೇಕಾದ್ದು ಏನು ಅಂದರೆ ಬುಡದಲ್ಲಿ ಥಿಯೇಟರ್, ಬೌಲಿಂಗ್, ಮಂಜಿನ ಮೇಲೆ ಜಾರುವ ಅಂಗಳ, ನದಿಗೆ ಇಳಿದರೆ ದೋಣಿ. ನೆಲವನ್ನು ಮನುಷ್ಯರಿಗೆ ಬಿಟ್ಟು ಕಾರನ್ನು ಮೇಲೆ ಹತ್ತಿಸಿದರು. ನಾವು ಕಾರಿಗೆ ನೆಲ ಬಿಟ್ಟು ಮಂಡಿ ನೋವಿನ ಅಮ್ಮನನ್ನು ಮೇಲೆ ಹತ್ತಿಸಿದೆವು. ಎರಡನ್ನೂ ಒಂದೇ ಹೆಸರಿನಿಂದ ಕರೆಯಬೇಡಿ.

ಇನ್ನು ದುಡ್ಡಿನ ವಿಷಯ. ಹೋದ ವರ್ಷ ಹುಬ್ಬಳ್ಳಿಯ ಕಡೆಯ ಹುಡುಗನೊಬ್ಬ, ನೊಯ್ಡಾದಲ್ಲಿ ಕೆಲಸ, ಫ್ಲಾಟ್ ಬುಕ್ ಮಾಡುವ ಮುಂಚೆ ಕಾಗದ ತೋರಿಸಲು ಮನೆಗೆ ಬಂದಿದ್ದ.

"ಕಾಕಾ, ಪಾರ್ಕಿಂಗಿಗೆ ಬ್ಯಾರೇ ನಾಕು ಲಕ್ಷ ಕೇಳಾಕತ್ತಾರ. ನನ್ನ ಹತ್ರ ಕಾರ ಇಲ್ಲ, ತಗೊಳ್ಳೋ ವಿಚಾರನೂ ಇಲ್ಲ, ಮೆಟ್ರೋದಾಗ ಅಡ್ಡಾಡತೀನಿ. ಅಂದ್ರೂ ತಗೋಬೇಕಂತ."

"ಪಾವತಿ ಏನಂತ ಕೊಡತಾರಪಾ?"

"ಮಾರಾಟ ಅಂತ ಬರಿಯೂದಿಲ್ಲಂತ ಕಾಕಾ. 'ಬಳಕೆಯ ಹಕ್ಕು' ಅಂತ ಬರೀತಾರಂತ."

ಯಾಕೆ ಮಾರಾಟ ಅಂತ ಬರೆಯುವುದಿಲ್ಲ ಗೊತ್ತೇ? 2010ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ನಹಲ್‌ಚಂದ್ ಲಾಲೂಚಂದ್ ವಿರುದ್ಧ ಪಾಂಚಾಲಿ ಸಹಕಾರಿ ಸೊಸೈಟಿ ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಹೇಳಿತು, ಸ್ಟಿಲ್ಟ್ ಪಾರ್ಕಿಂಗ್ ಗ್ಯಾರೇಜ್ ಅಲ್ಲ, ಅದು ಎಲ್ಲರಿಗೂ ಸೇರಿದ ಜಾಗ, ಬಿಲ್ಡರ್ ಅದನ್ನು ಬಿಡಿಬಿಡಿಯಾಗಿ ಮಾರುವಂತಿಲ್ಲ ಅಂತ. ಅದು ಮುಂಬಯಿಯ ಮೊಕದ್ದಮೆ, ಮಹಾರಾಷ್ಟ್ರದ ಕಾಯ್ದೆಯ ಮೇಲೆ ನಿಂತದ್ದು, ಹೌದು. ಆದರೆ ಆಮೇಲೆ ಇಡೀ ದೇಶಕ್ಕೆ ಬಂದ 2016ರ ರೇರಾ ಕಾಯ್ದೆ ನೋಡಿ. ಬಯಲು ಪಾರ್ಕಿಂಗ್ ಸಾಮೂಹಿಕ ಆಸ್ತಿಯ ಪಟ್ಟಿಯಲ್ಲಿದೆ. ಗ್ಯಾರೇಜ್ ಅನ್ನಬೇಕಾದರೆ ಮೇಲೆ ಸೂರು, ಮೂರು ಕಡೆ ಗೋಡೆ ಇರಬೇಕು. ನಾಲ್ಕು ಕಂಬದ ನಡುವೆ ಹಳದಿ ಬಣ್ಣದ ಗೆರೆ ಎಳೆದರೆ ಗೋಡೆಯಾಗುತ್ತದೆಯೇ? ಆಗೋದಿಲ್ಲ. ಅದಕ್ಕೇ 'ಬಳಕೆಯ ಹಕ್ಕು' ಅನ್ನುವ ಮುಸುಕು.

ಆ ನಾಲ್ಕು ಲಕ್ಷ ಸಾಲದಲ್ಲೇ ಸೇರಿಕೊಂಡಿತು ಅಂತಿಟ್ಟುಕೊಳ್ಳಿ. ನೂರಕ್ಕೆ ಎಂಟೂವರೆ ಬಡ್ಡಿ, ಇಪ್ಪತ್ತು ವರ್ಷ. ತಿಂಗಳಿಗೆ ಸುಮಾರು 3,470 ರೂಪಾಯಿ ಕಂತು, ಕೊನೆಗೆ ಕಟ್ಟಿದ್ದು 8 ಲಕ್ಷದ 33 ಸಾವಿರ. ಇಲ್ಲದ ಕಾರಿಗೆ! ಕಾರಿಲ್ಲದವನು ಕಾರಿದ್ದವನ ಜಾಗಕ್ಕೆ ಬಡ್ಡಿ ಕಟ್ಟುವ ಈ ವ್ಯವಸ್ಥೆಯಲ್ಲಿ ನಮ್ಮ ಬ್ಯಾಂಕುಗಳೂ ಕಣ್ಣು ಮುಚ್ಚಿಕೊಂಡಿವೆ, ಅದನ್ನು ಬ್ಯಾಂಕಿನವನಾಗಿ ನಾನೇ ಹೇಳದಿದ್ದರೆ ಇನ್ನಾರು ಹೇಳಬೇಕು. ಮೌಲ್ಯಮಾಪನದ ವರದಿಯಲ್ಲಿ 'ಒಂದು ಸ್ಟಿಲ್ಟ್ ಪಾರ್ಕಿಂಗ್ ಸಹಿತ' ಅಂತ ಒಂದು ಸಾಲು ಬಂದರೆ ಸಾಕು, ಅದು ಯಾರ ಆಸ್ತಿ ಅಂತ ಯಾರೂ ಕೇಳುವುದಿಲ್ಲ.

ದುಡ್ಡು ಹೋಗಲಿ, ಇನ್ನೊಂದು ದಿನ ದುಡಿಯಬಹುದು. 2024ರ ಮಾರ್ಚ್ 14ರ ಬೆಳಗಿನ ಜಾವ ಪೂರ್ವ ದಿಲ್ಲಿಯ ಶಾಸ್ತ್ರಿನಗರದಲ್ಲಿ ಒಂದು ನಾಲ್ಕಂತಸ್ತಿನ ಮನೆಗೆ ಬೆಂಕಿ ಬಿತ್ತು. ಹತ್ತಿಕೊಂಡದ್ದು ಕೆಳಗಿನ ಪಾರ್ಕಿಂಗಿನಲ್ಲಿ. ಹೊಗೆ ಮೇಲೇರಿತು. ನಾಲ್ಕು ಜನ ಸತ್ತರು, ಅದರಲ್ಲಿ ಎರಡು ಮಕ್ಕಳು. ಈ ಕಾಲೋನಿಗಳ ಸ್ಟಿಲ್ಟ್ ಮನೆ ಒಳಹೊಕ್ಕು ನೋಡಿದವರಿಗೆ ಇದು ಹೇಗಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಇಡೀ ಕಟ್ಟಡಕ್ಕೆ ಇರುವುದು ಒಂದೇ ಮೆಟ್ಟಿಲು, ಅದು ಇಳಿದು ಬರುವುದು ನೇರವಾಗಿ ಕಾರುಗಳ ಮಧ್ಯಕ್ಕೆ. ಅಲ್ಲೇ ಗೋಡೆಗೆ ನಾಲ್ಕೂ ಮನೆಯ ಕರೆಂಟು ಮೀಟರು. ಅದರ ಕೆಳಗೆ ಸ್ಕೂಟರು, ಪೆಟ್ರೋಲ್ ತುಂಬಿದ್ದು. ಈಗೀಗ ಅಲ್ಲೇ ಒಂದು ಎಕ್ಸ್‌ಟೆನ್ಶನ್ ವೈರ್ ಎಳೆದು ಬ್ಯಾಟರಿ ಗಾಡಿಯ ಚಾರ್ಜಿಂಗು. ಮೆಟ್ಟಿಲ ಬಾವಿ ಅಂದರೆ ಹೊಗೆ ಕೊಳವೆ. ಒಲೆಯ ಮೇಲೆ ಮನೆ ಕಟ್ಟಿ, ಬಾಗಿಲನ್ನು ಒಲೆಯೊಳಗೇ ಇಟ್ಟಹಾಗೆ. ಮೆಟ್ಟಿಲಿಗೂ ಪಾರ್ಕಿಂಗಿಗೂ ನಡುವೆ ಒಂದು ಗಟ್ಟಿ ಗೋಡೆ, ಬೆಂಕಿ ತಡೆಯುವ ಒಂದು ಬಾಗಿಲು ಹಾಕಿದರೆ ಎಷ್ಟು ಖರ್ಚು? ಇಟಾಲಿಯನ್ ಮಾರ್ಬಲ್ ಹಾಕಿಸುವವರಿಗೆ ಅದೊಂದು ಖರ್ಚೇ ಅಲ್ಲ. ಆದರೆ ಗೋಡೆ ಬಂದರೆ ಒಂದು ಕಾರು ಕಡಿಮೆ ಹಿಡಿಯುತ್ತದೆ.

ನೆಲ ನಡುಗಿದರೆ ಇನ್ನೊಂದು ಕಥೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟುಗಳು ಕುಸಿದವು. ಕುಸಿದವುಗಳಲ್ಲಿ ಬಹಳಷ್ಟು ಕೆಳಗೆ ಪಾರ್ಕಿಂಗ್ ಇದ್ದ, ಗೋಡೆಯಿಲ್ಲದ ಕಂಬದ ಮೇಲೆ ನಿಂತ ಕಟ್ಟಡಗಳೇ. ಮೇಲೆ ಗೋಡೆಗಳಿಂದ ಬಿಗಿಯಾದ ನಾಲ್ಕು ಅಂತಸ್ತು, ಕೆಳಗೆ ಬರೀ ಕಾಲು. ನಡುಗಿದಾಗ ಎಲ್ಲಾ ಪೆಟ್ಟೂ ಕಾಲಿಗೆ. ಮರುವರ್ಷ ಬಂದ ಭಾರತೀಯ ಮಾನಕ 1893ರ ಪರಿಷ್ಕರಣೆಯಲ್ಲಿ ಇಂಥ ದುರ್ಬಲ ಅಂತಸ್ತಿನ ಕಂಬ, ತೊಲೆಗಳನ್ನು ಮಾಮೂಲಿ ಲೆಕ್ಕದ ಎರಡೂವರೆ ಪಟ್ಟು ಬಲಕ್ಕೆ ಕಟ್ಟಬೇಕು ಅಂತ ಸೇರಿಸಿದರು. ಸರಿ, ಬರೆದರು. ಗಲ್ಲಿಯೊಳಗೆ ಠೇಕೇದಾರ ಕಂಬ ಎತ್ತುವಾಗ ಸರಳು ಎಷ್ಟು ಹಾಕಿದ ಅಂತ ನೋಡುವವರು ಯಾರು? 2025ರ ಫೆಬ್ರವರಿ 17ರ ಬೆಳಗ್ಗೆ 5:36ಕ್ಕೆ ದಿಲ್ಲಿ ಅಲ್ಲಾಡಿದ್ದು ನಿಮಗೂ ನೆನಪಿರಬೇಕು. ತೀವ್ರತೆ 4.0, ಕೇಂದ್ರ ಧೌಲಾ ಕುವಾಂ ಹತ್ತಿರ, ಅಂದರೆ ನಮ್ಮ ಕರ್ನಾಟಕ ಸಂಘದಿಂದ ಕೂಗಳತೆ ಅನ್ನಬಹುದು. ಅವತ್ತು ರಾತ್ರಿ ಉಡುಪಿನಲ್ಲೇ ಕೆಳಗಿಳಿದು ಬಂದ ಜನ ನಿಂತದ್ದು ಎಲ್ಲಿ ಗೊತ್ತೇ? ಸ್ಟಿಲ್ಟಿನಲ್ಲಿ, ಆ ಕಂಬಗಳ ನಡುವೆ. ಬೀದಿಯಲ್ಲಿ ನಿಲ್ಲೋಣ ಅಂದರೆ ಅಲ್ಲೂ ಕಾರುಗಳು.

"ಸ್ಟಿಲ್ಟ್ ಇಲ್ಲದಿದ್ದರೆ ಬೀದಿ ಇನ್ನೂ ಹಾಳಾಗುತ್ತಿತ್ತಲ್ಲ ರಾಯರೇ" ಅಂತ ಸಂಘದ ಕಾರ್ಯಕ್ರಮದ ಊಟದ ಸಾಲಿನಲ್ಲಿ ಹಿರಿಯರೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ತೆಗೆದುಹಾಕುವ ಮಾತಲ್ಲ ಅದು, ಸ್ವಲ್ಪ ನಿಂತು ನೋಡಬೇಕು. ನಾಲ್ಕು ಫ್ಲೋರ್, ಮನೆಗೆರಡು ಕಾರು, ಎಂಟಾಯಿತು. ಕೆಳಗೆ ಹಿಡಿಯುವುದು ನಾಲ್ಕೋ ಐದೋ. ಅದೂ ಒಂದರ ಹಿಂದೊಂದು. ಹಿಂದಿನವರು ಹೊರಡಬೇಕಾದರೆ ಮುಂದಿನವರನ್ನು ನಿದ್ದೆಯಿಂದ ಎಬ್ಬಿಸಬೇಕು. ಎಬ್ಬಿಸುವ ಜಗಳ ಬೇಡ ಅಂತ ಎಲ್ಲರೂ ಬೀದಿಯಲ್ಲೇ ಬಿಡುತ್ತಾರೆ. ಇದರ ಮೇಲೆ ಪ್ರತಿ ಮನೆಯ ಮುಂದೆ ರ‍್ಯಾಂಪು, ಅಗಲ ಗೇಟು, 'ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು' ಅನ್ನುವ ಬೋರ್ಡು. ಮೊದಲು ಯಾರು ಬೇಕಾದರೂ ನಿಲ್ಲಿಸಬಹುದಾಗಿದ್ದ ಸರ್ಕಾರಿ ಬೀದಿಯ ಆ ಇಪ್ಪತ್ತು ಮೂವತ್ತು ಅಡಿಯೂ ಆ ಮನೆಯವರ ಪಾಲಾಯಿತು. ಒಳಗೆ ಸೇರಿಸಿಕೊಂಡದ್ದೆಷ್ಟು, ಹೊರಗೆ ಕಬಳಿಸಿದ್ದೆಷ್ಟು ಅಂತ ಕೂಡಿ ಕಳೆದು ನೋಡಿದರೆ ಬೀದಿಗೆ ಆದ ಲಾಭ ಬಹಳ ದೊಡ್ಡದೇನಲ್ಲ.

ಗುರುಗ್ರಾಮದಲ್ಲಿ ಇದೇ ಜಗಳ ಬೀದಿಗೆ ಬಂತು. ಜನರ ಕೂಗಿಗೆ 2023ರ ಫೆಬ್ರವರಿಯಲ್ಲಿ ಹರಿಯಾಣ ಸರ್ಕಾರ ಸ್ಟಿಲ್ಟ್ ಪ್ಲಸ್ ಫೋರ್ ಮಂಜೂರಾತಿ ನಿಲ್ಲಿಸಿತು, ಪಿ. ರಾಘವೇಂದ್ರ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 2024ರ ಜುಲೈಯಲ್ಲಿ ಮತ್ತೆ ಬಾಗಿಲು ತೆರೆಯಿತು, ಷರತ್ತುಗಳೊಂದಿಗೆ. ಪ್ಲಾಟಿಗೆ ಮೂರೇ ಮನೆ ಅಂತ ಲೆಕ್ಕ ಹಾಕಿ ಮಾಡಿದ ಲೇಔಟುಗಳಲ್ಲಿ ಹತ್ತು ಮೀಟರ್ ರಸ್ತೆ ಇರಬೇಕು, ಪಕ್ಕದವರ ಒಪ್ಪಿಗೆ ಬೇಕು, ಇಲ್ಲವೇ ಪಕ್ಕಕ್ಕೆ 1.8 ಮೀಟರ್ ಜಾಗ ಬಿಡಬೇಕು. ಚರ್ಚೆ ಎಲ್ಲಾ ಮೇಲಿನ ನಾಲ್ಕನೇ ಅಂತಸ್ತಿನ ಬಗ್ಗೆ. ಕೆಳಗಿನ ಸ್ಟಿಲ್ಟ್ ಯಾಕೆ ಪುಕ್ಕಟೆ ಅಂತ ಕೇಳಿದವರ ದನಿ ನನ್ನ ಕಿವಿಗೆ ಬೀಳಲಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಕಾರಿನ ಜಾಗವನ್ನೂ ಎಫ್ಎಆರ್ ಲೆಕ್ಕಕ್ಕೆ ತನ್ನಿ. ಕೆಳಗೆ ಅಜ್ಜಿಯ ಕೋಣೆಯೋ ಕಾರೋ ಅಂತ ಮನೆಯವರು ಆರಿಸಿಕೊಳ್ಳಲಿ, ನಿಯಮ ಒಂದರ ಕಡೆ ವಾಲಬಾರದು. ಮನೆಯ ಬೆಲೆ ಬೇರೆ, ಪಾರ್ಕಿಂಗ್ ಬಾಡಿಗೆ ಬೇರೆ ಮಾಡಿ, ಕಾರಿಲ್ಲದ ಹುಬ್ಬಳ್ಳಿಯ ಹುಡುಗನಿಗೆ ನಾಲ್ಕು ಲಕ್ಷ ಉಳಿಯಲಿ. ಜಪಾನಿನಲ್ಲಿ 1962ರಿಂದಲೇ ಕಾರು ನಿಲ್ಲಿಸಲು ಜಾಗ ಇದೆ ಅಂತ ತೋರಿಸದೆ ಕಾರು ಕೊಳ್ಳುವಂತಿಲ್ಲ ಅನ್ನುವ ಕಾನೂನಿದೆ. ನಮ್ಮಲ್ಲೂ 2016ರ ಡಿಸೆಂಬರಿನಲ್ಲಿ ಆಗಿನ ನಗರಾಭಿವೃದ್ಧಿ ಮಂತ್ರಿ ವೆಂಕಯ್ಯ ನಾಯ್ಡು ಅದೇ ಮಾತು ಆಡಿದ್ದರು. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು, ಆಮೇಲೆ ತಣ್ಣಗಾಯಿತು. ಕಾರು ಕೊಳ್ಳಲು ನಾವು ಬ್ಯಾಂಕಿನವರೇ ಸಾಲ ಕೊಡುತ್ತೇವಲ್ಲ, ಅರ್ಜಿಯಲ್ಲಿ ಇಪ್ಪತ್ತು ಪ್ರಶ್ನೆ ಕೇಳುತ್ತೇವೆ, 'ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ?' ಅನ್ನುವುದೊಂದು ಬಿಟ್ಟು.

ನಾನಿರುವುದು ಪ್ಲಾಟಿನ ಕಾಲೋನಿಯಲ್ಲ, ಯಮುನೆಯ ಈಚೆಗಿನ ಒಂದು ಹಳೇ ಸಹಕಾರಿ ಸೊಸೈಟಿ. ಸ್ಕೂಟರಿನ ಕಾಲದಲ್ಲಿ ಕಟ್ಟಿದ್ದು. ಈಗ ನಮ್ಮ ಕಮಿಟಿಯವರಿಗೂ ಹೊಸ ವಾಸ್ತುಶಿಲ್ಪದ ಗಾಳಿ ಬಡಿದಿದೆ. ನಡುವೆ ಇರುವ ಮಕ್ಕಳ ಪಾರ್ಕು ತೆಗೆದು ಅಲ್ಲಿ ಕಬ್ಬಿಣದ ಚೌಕಟ್ಟಿನ ಮೆಕ್ಯಾನಿಕಲ್ ಪಾರ್ಕಿಂಗ್ ನಿಲ್ಲಿಸುವ ಪ್ರಸ್ತಾಪ. ಖರ್ಚು ಎಲ್ಲಾ ಫ್ಲಾಟಿನ ಮೇಲೆ ಸಮನಾಗಿ ಹಂಚುತ್ತಾರಂತೆ, ಕಾರಿದ್ದವರು ಇಲ್ಲದವರು ಅನ್ನುವ ಭೇದವಿಲ್ಲದೆ. ಮುಂದಿನ ತಿಂಗಳು ಜನರಲ್ ಬಾಡಿ. ನಾನೊಂದು ಬದಲಿ ಪ್ರಸ್ತಾಪ ಬರೆದು ಕೊಟ್ಟಿದ್ದೇನೆ: ಮೊದಲ ಕಾರಿಗೆ ತಿಂಗಳಿಗೆ ಐನೂರು, ಎರಡನೆಯದಕ್ಕೆ ಎರಡು ಸಾವಿರ, ಮೂರನೆಯದಕ್ಕೆ ಜಾಗವಿಲ್ಲ. ಬಂದ ದುಡ್ಡಿನಲ್ಲಿ ಕಾರಿಲ್ಲದ ಮನೆಗಳ ಮೇಂಟೆನನ್ಸ್ ಕಡಿತ. ಮೂರು ಕಾರಿನ ಇಬ್ಬರು ಈಗಾಗಲೇ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಎರಡನೇ ಮಹಡಿಯ ಬಂಗಾಳಿ ಅಜ್ಜಿ ಮಾತ್ರ ಸಹಿ ಹಾಕಿ, ಕೆಳಗೆ ಬೇರೆ ಶಾಯಿಯಲ್ಲಿ 'ಪಾರ್ಕಿನ ಬೆಂಚನ್ನೂ ರಿಪೇರಿ ಮಾಡಿಸಿ' ಅಂತ ಸೇರಿಸಿದ್ದಾರೆ.